ಒಣಗುವ ಮೊದಲೇ ತೆಗೆಯಬೇಕಿದ್ದ ಮಣ್ಣು: ಒಂದು ಪ್ರಕರಣ

ನಾನು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಚಿಕ್ಕ ಪ್ರಕೃತಿ ಚಿಕಿತ್ಸೆಯ ಕ್ಲಿನಿಕ್ ನಡೆಸುತ್ತೇನೆ. ಮಣ್ಣಿನ ಪಟ್ಟಿ ನಮ್ಮಲ್ಲಿ ದಿನಾ ನಡೆಯುವ ಕೆಲಸ. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗಿಯ ಮುಖದ ಕಥೆ. ಅವಳ ಮತ್ತು ಅವಳ ಅಜ್ಜಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ. ಊರು, ಕೆಲಸ, ವಯಸ್ಸು ಒಂದಿಷ್ಟು ಬದಲಿಸಿದ್ದೇನೆ. ಮಣ್ಣಿಗೆ ಸಂಬಂಧಪಟ್ಟದ್ದೆಲ್ಲ ನಡೆದ ಹಾಗೆಯೇ ಇದೆ. ತಪ್ಪಿನ ಮೊದಲ ಪಾಲು ನನ್ನದು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪು ದಿನಾ ಎಷ್ಟೋ ಮನೆಗಳಲ್ಲಿ ಆಗುತ್ತಿದೆ.

ಮೊದಲ ಭೇಟಿ

2024ರ ಜನವರಿ ಕೊನೆ. ಇಪ್ಪತ್ತನಾಲ್ಕರ ಹುಡುಗಿ, ಹಾಸನದ ಕಡೆಯ ಹಳ್ಳಿಯವಳು. ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ, ಹತ್ತಿರದಲ್ಲೇ ಪಿಜಿಯಲ್ಲಿ ವಾಸ. ಹಣೆ, ಮೂಗು, ಗಲ್ಲದ ಮೇಲೆ ಜಿಡ್ಡು ಜಾಸ್ತಿ. ಕೆನ್ನೆಯ ಮೇಲೆ ಅಲ್ಲಲ್ಲಿ ಮೊಡವೆ. ಗಂಭೀರವಾದದ್ದು ಏನೂ ಇರಲಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೊಡುವ ಸ್ಟೀರಾಯ್ಡ್ ಕ್ರೀಮ್ ಏನಾದರೂ ಹಚ್ಚುತ್ತಿದ್ದೀಯಾ ಅಂತ ಮೂರು ಸಲ ಕೇಳಿದೆ. ಇಲ್ಲ ಅಂದಳು. ಊಟ, ನಿದ್ದೆಯ ಬಗ್ಗೆ ಮಾತಾಡಿದೆವು. ಕೊನೆಗೆ ಚೀಟಿಯಲ್ಲಿ ಒಂದು ಸಾಲು ಬರೆದೆ: “ಮುಲ್ತಾನಿ ಮಿಟ್ಟಿ, ವಾರಕ್ಕೆ 2 ಸಲ.”

ಅಷ್ಟೇ. ಎಷ್ಟು ದಪ್ಪ, ಎಷ್ಟು ಹೊತ್ತು, ಯಾವುದರಲ್ಲಿ ಕಲೆಸಬೇಕು, ಹೇಗೆ ತೆಗೆಯಬೇಕು, ಒಂದನ್ನೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದೇ ಅಲ್ವಾ ಅಂದುಕೊಂಡೆ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

ಮುಲ್ತಾನ್ ಊರು ಈಗ ಪಾಕಿಸ್ತಾನದಲ್ಲಿದೆ. ನಮಗೆ ಸಿಗುವ ಮಿಟ್ಟಿಯಲ್ಲಿ ಬಹುಪಾಲು ರಾಜಸ್ಥಾನದ್ದು. ಇಂಗ್ಲಿಷ್‌ನಲ್ಲಿ ಇದಕ್ಕೆ ಫುಲ್ಲರ್ಸ್ ಅರ್ಥ್ ಅನ್ನುತ್ತಾರೆ. ಉಣ್ಣೆಯ ಬಟ್ಟೆಯನ್ನು ತುಳಿದು, ಒಗೆದು, ಜಿಡ್ಡು ತೆಗೆಯುತ್ತಿದ್ದವರು ಫುಲ್ಲರ್‌ಗಳು. ಕುರಿಯ ಉಣ್ಣೆಯಿಂದ ಎಣ್ಣೆ ಹೀರಿ ತೆಗೆಯಲು ಬಳಸುತ್ತಿದ್ದ ಮಣ್ಣು ಅದು. ಅದರ ಶಕ್ತಿ ಎಂಥದ್ದು ಅಂತ ಆ ಹೆಸರೇ ಹೇಳುತ್ತದೆ. ಇದು ನನಗೆ ಗೊತ್ತಿತ್ತು. ಚೀಟಿ ಬರೆಯುವಾಗ ನೆನಪಾಗಲಿಲ್ಲ.

ಎರಡನೇ ಭೇಟಿ

ಮಾರ್ಚ್ ಮೂರನೇ ವಾರ ಬಂದಳು. ಮಾಸ್ಕ್ ಹಾಕಿದ್ದಳು. ತೆಗೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಎರಡೂ ಕೆನ್ನೆ ಕೆಂಪಾಗಿ ಊದಿದ್ದವು. ಮೂಗಿನ ಅಂಚಿನಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಬಲಗೆನ್ನೆಯ ಮೇಲೆ ಕಂದು ಪಟ್ಟೆಗಳು. ಗಲ್ಲದ ಹತ್ತಿರ ಒಡೆದ ಮೊಡವೆಗಳ ಮೇಲೆ ಜೇನಿನ ಬಣ್ಣದ ಹೊಪ್ಪಳೆ ಕಟ್ಟಿತ್ತು. “ಬರೀ ನೀರು ಬಿದ್ದರೂ ಉರಿಯುತ್ತೆ ಮೇಡಂ. ಆದರೂ ಜಿಡ್ಡು ಮಾತ್ರ ಕಮ್ಮಿ ಆಗಿಲ್ಲ, ಇನ್ನೂ ಜಾಸ್ತಿ ಆಗಿದೆ. ಅದಕ್ಕೇ ದಿನಾ ಹಚ್ಚೋಕೆ ಶುರು ಮಾಡಿದೆ” ಅಂದಳು.

ಇಲ್ಲಿ ನಾನು ಮಾಡಿದ ಒಂದು ಕೆಲಸ ಮುಂದಿನದಕ್ಕೆಲ್ಲ ದಾರಿ ಮಾಡಿತು. ಹೇಗೆ ಹಚ್ಚುತ್ತೀಯ ಅಂತ ಕೇಳಿ ಬಿಡಲಿಲ್ಲ. ಒಂದು ತಟ್ಟೆ, ಮಿಟ್ಟಿ, ನೀರು ಮುಂದೆ ಇಟ್ಟು, ಮುಂಗೈ ಮೇಲೆ ಹಚ್ಚಿ ತೋರಿಸು ಅಂದೆ. ಅವಳು ಎರಡು ಚಮಚ ಪುಡಿಗೆ ಸ್ವಲ್ಪವೇ ನೀರು ಹಾಕಿದಳು. ನಿಂಬೆಹಣ್ಣು ಕೇಳಿದಳು, ನಾನು ಕೊಡಲಿಲ್ಲ. ಮನೆಯಲ್ಲಿ ಪ್ರತಿ ಸಲ ಅರ್ಧ ಹೋಳು ಹಿಂಡುತ್ತಿದ್ದಳಂತೆ. ಕಾಯಿ ಚಟ್ನಿಯಷ್ಟು ಗಟ್ಟಿಯಾಗಿ ಕಲೆಸಿ, ಮುಂಗೈಗೆ ಬೆರಳ ದಪ್ಪ ಬಳಿದುಕೊಂಡು ಹೋಗಿ ಫ್ಯಾನ್ ಕೆಳಗೆ ಕೂತಳು.

ಗಡಿಯಾರ ನೋಡುತ್ತಾ ಕೂತೆ. ಹತ್ತು ನಿಮಿಷಕ್ಕೆ ಅಂಚು ಬೆಳ್ಳಗಾಯಿತು. ಇಪ್ಪತ್ತಕ್ಕೆ ಮಣಿಕಟ್ಟಿನ ಹತ್ತಿರ ಮೊದಲ ಬಿರುಕು. ಕೈ ಮಡಿಸಿದರೆ ಚರ್ಮ ಎಳೆಯುತ್ತಿತ್ತು, ರೋಮಗಳು ಮಣ್ಣಿಗೆ ಅಂಟಿ ನಿಂತಿದ್ದವು. “ಆಯ್ತಾ?” ಅಂದೆ. “ಇನ್ನೂ ಇಲ್ಲ ಮೇಡಂ, ಪೂರ್ತಿ ಬಿರುಕು ಬಿಡಬೇಕು. ಆಗಲೇ ಕೊಳೆಯೆಲ್ಲ ಎಳ್ಕೊಳ್ಳೋದು.” ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದ ಹಾಗೆ ಪೂರ್ತಿ ಸೀಳಿಕೊಂಡ ಮೇಲೆ, ಚೀಲದಿಂದ ಒಂದು ಟವೆಲ್ ತೆಗೆದಳು. ಒಣ ಟವೆಲ್ ಅದು. ಗರಗರ ಉಜ್ಜಿದಳು. ಪುಡಿ ಮೇಜಿನ ಮೇಲೆ ಉದುರಿತು.

“ನೀರಲ್ಲಿ ತೊಳೆಯೋದಿಲ್ವಾ?”

“ನೀರೆಲ್ಲಿದೆ ಮೇಡಂ?”

ಆಗ ಅರ್ಥವಾಯಿತು. ಅದು 2024ರ ಬೇಸಿಗೆ. ಬೆಂಗಳೂರಿನ ಸಾವಿರಾರು ಕೊಳವೆಬಾವಿ ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದ ತಿಂಗಳು. ಅವಳ ಪಿಜಿಗೆ ಟ್ಯಾಂಕರ್ ನೀರು, ಬೆಳಿಗ್ಗೆ ಅರ್ಧ ಗಂಟೆ, ಒಬ್ಬರಿಗೆ ಒಂದು ಬಕೆಟ್. ಒಣಗಿ ಗೋಡೆಯಂತಾದ ಮಣ್ಣು ಮುಖದಿಂದ ಬಿಡಬೇಕಾದರೆ ಮೂರು ನಾಲ್ಕು ಚೊಂಬು ನೀರು ಬೇಕು. ಆ ನೀರಿನಲ್ಲಿ ಅವಳ ಸ್ನಾನವೇ ಆಗಬೇಕಿತ್ತು. ಅದಕ್ಕೇ ಟವೆಲ್. ಹತ್ತಿರ ಹತ್ತಿರ ಒಂದು ತಿಂಗಳು, ದಿನಕ್ಕೊಂದು ಸಲ, ನಿಂಬೆ ಹಚ್ಚಿದ ಮುಖವನ್ನು ಒಣ ಮಣ್ಣಿನಲ್ಲಿ ಉಜ್ಜಿಕೊಂಡಿದ್ದಳು. ಚೀಟಿ ಬರೆಯುವ ಮುಂಚೆ “ನಿಮ್ಮಲ್ಲಿ ನೀರು ಹೇಗಿದೆ” ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮಣ್ಣು ಏನು ಮಾಡಿತ್ತು

ಜೇಡಿ ಮಣ್ಣಿನ ಕಣ ಬಹಳ ಚಿಕ್ಕದು, 2 ಮೈಕ್ರಾನ್‌ಗಿಂತಲೂ ಸಣ್ಣದು. ಒಳಗೆ ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಪದರಗಳು. ಮುಲ್ತಾನಿ ಮಿಟ್ಟಿಯಂಥ ಮಣ್ಣಿನಲ್ಲಿ ಈ ಪದರಗಳ ನಡುವೆ ನೀರು ಹೋಗಿ ಕೂರುತ್ತದೆ. ಒದ್ದೆ ಇರುವಷ್ಟು ಹೊತ್ತು ಆ ನೀರು ಮೆಲ್ಲಗೆ ಆವಿಯಾಗುತ್ತಾ ಚರ್ಮದ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ತಂಪು ಅನ್ನಿಸುವುದು ಇದರಿಂದ. ಮೇಲಿನ ಜಿಡ್ಡೂ ಮಣ್ಣಿಗೆ ಅಂಟುತ್ತದೆ. ಮಣ್ಣಿನ ಒಳ್ಳೆಯ ಕೆಲಸವೆಲ್ಲ ಈ ಒದ್ದೆಯ ಹೊತ್ತಿನದು.

ನೀರು ಮುಗಿದ ಮೇಲೆ ಅದೇ ಮಣ್ಣು ಒಣ ಬತ್ತಿಯ ಹಾಗೆ ಚರ್ಮದಿಂದಲೇ ಎಳೆಯಲು ಶುರುಮಾಡುತ್ತದೆ. ನಮ್ಮ ಚರ್ಮದ ಮೇಲಿನ ಕಾವಲು ಪದರ ಮುಖದ ಮೇಲೆ ಕಾಗದಕ್ಕಿಂತ ತೆಳು. ಅದರ ಎಣ್ಣೆ, ತೇವ ಎರಡೂ ಹೋದರೆ ಉರಿ ಶುರುವಾಗುತ್ತದೆ. ಚರ್ಮ ಸ್ವಭಾವತಃ ಸ್ವಲ್ಪ ಹುಳಿ, ಬಹುಪಾಲು ಜೇಡಿ ಮಣ್ಣು ಕ್ಷಾರದ ಕಡೆಯದು. ನಿಂಬೆ ಹಿಂಡಿದರೆ ಸರಿಹೋಗುತ್ತೆ ಅಂತ ಅವಳು ಎಲ್ಲೋ ನೋಡಿದ್ದಳು. ಆದರೆ ನಿಂಬೆರಸದ ಹುಳಿ ಚರ್ಮ ತಡೆಯುವ ಹುಳಿಯಲ್ಲ. ನಿಂಬೆರಸ ಅಂಟಿರುವ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆಯಾಗಬಹುದು. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಿಗ್ಗೆ ಮಣ್ಣು ಹಚ್ಚಿ, ಒರೆಸಿ, ತಿಂಡಿಗೆ ಅಂತ ಬಿಸಿಲಲ್ಲಿ ನಡೆದು ಹೋಗುತ್ತಿದ್ದಳು. ಬಲಗೆನ್ನೆಯ ಪಟ್ಟೆಗಳಿಗೆ ಕಾರಣ ಅದೇ ಅನ್ನಿಸಿತು.

ಏನು ಮಾಡಿದೆವು

ಮೊದಲ ತೀರ್ಮಾನ ಗಲ್ಲದ ಹೊಪ್ಪಳೆಯದು. ಜೇನಿನ ಬಣ್ಣದ ಹೊಪ್ಪಳೆ ಅಂದರೆ ಸೋಂಕು ಇರಬಹುದು. ಅದು ನನ್ನ ಕೈಯ ಕೆಲಸ ಅಲ್ಲ. ಅದೇ ದಿನ ಚರ್ಮದ ವೈದ್ಯರ ಹತ್ತಿರ ಕಳಿಸಿದೆ. ಅವರು ಆಂಟಿಬಯೋಟಿಕ್ ಮುಲಾಮು ಕೊಟ್ಟರು, ಒಂದು ವಾರದಲ್ಲಿ ಹೊಪ್ಪಳೆ ಒಣಗಿ ಬಿತ್ತು. ಹೀಗೆ ಕಳಿಸಿದ್ದಕ್ಕೆ ನನ್ನ ವೃತ್ತಿಯ ಕೆಲವರು ಬೇಸರ ಮಾಡಿಕೊಂಡರು. ಬೇವು ಬೆರೆಸಿದ ಮಣ್ಣಿನ ಪಟ್ಟಿ ಸಾಕಿತ್ತು, ಮಣ್ಣಿಗೆ ಕ್ರಿಮಿ ಕೊಲ್ಲುವ ಗುಣ ಇದೆಯಲ್ಲ ಅಂದರು. ಅಮೆರಿಕದ ಅರಿಝೋನ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಕೊಂದದ್ದು ಕೆಲವೇ ಕೆಲವು ಮಣ್ಣುಗಳು. ಅವುಗಳೊಳಗಿನ ಒಂದು ಬಗೆಯ ಕಬ್ಬಿಣ ಆ ಕೆಲಸ ಮಾಡುತ್ತದೆ. ಉಳಿದ ಬಹುಪಾಲು ಮಣ್ಣಿಗೆ ಆ ಗುಣ ಇಲ್ಲ. ಅಂಗಡಿಯ ಪೊಟ್ಟಣದಲ್ಲಿ ಯಾವುದಿದೆ ಅಂತ ಯಾರೂ ಬರೆದಿರುವುದಿಲ್ಲ. ಮೇಲಾಗಿ ಧನುರ್ವಾಯುವಿನ ಕ್ರಿಮಿ ಬದುಕುವುದೇ ಮಣ್ಣಿನಲ್ಲಿ. ಒಡೆದ ಚರ್ಮಕ್ಕೆ ಮಣ್ಣು ಬೇಡ, ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಎರಡನೇ ತೀರ್ಮಾನ ಕಷ್ಟದ್ದು. ಮುಖಕ್ಕೆ ಆರು ವಾರ ಏನೂ ಹಚ್ಚಬೇಡ ಅಂದೆ. ದಿನಕ್ಕೆರಡು ಸಲ ತೆಳುವಾಗಿ ವ್ಯಾಸಲೀನ್, ಹೊರಗೆ ಹೋದರೆ ಕೊಡೆ, ಅಷ್ಟೇ. “ಅಷ್ಟೇನಾ? ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?” ಅಂತ ಅವಳ ಕಣ್ಣು ತುಂಬಿತು. ಏನಾದರೂ ಮಾಡು ಅಂತ ಬಂದವರಿಗೆ ಏನೂ ಮಾಡಬೇಡ ಅಂತ ಹೇಳುವುದು ಬಹಳ ಕಷ್ಟ. ಮೇಲಿನ ಚರ್ಮ ಹೊಸದಾಗಿ ಬರಲು ಸುಮಾರು ನಾಲ್ಕು ವಾರ ಬೇಕು, ಅದಕ್ಕೆ ಮೇಲೆ ಎರಡು ವಾರ ಸೇರಿಸಿದ್ದೇನೆ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ ತೋರಿಸಿದೆ. ಆ ಗುರುತು ನೋಡಿದ ಮೇಲೆ ಒಪ್ಪಿದಳು.

ಅಜ್ಜಿ ಬಂದರು

ಏಪ್ರಿಲ್ 9ರ ಯುಗಾದಿ ಕಳೆದ ವಾರ, ಕಣ್ಣಿನ ತಪಾಸಣೆಗೆ ಅಂತ ಅಜ್ಜಿ ಬೆಂಗಳೂರಿಗೆ ಬಂದವರು ಮೊಮ್ಮಗಳ ಮುಖ ನೋಡಿ ನೇರ ನನ್ನ ಕ್ಲಿನಿಕ್‌ಗೇ ಬಂದರು. ಕೈಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ. ತುಂಬ ಬೂದು ಬಣ್ಣದ ನುಣುಪು ಮಣ್ಣು. “ಅಂಗಡಿ ಮಣ್ಣು ಹಚ್ಚಿ ಹಾಳು ಮಾಡ್ಕೊಂಡವ್ಳೆ. ನಮ್ಮ ಕೆರೆ ಮಣ್ಣು ತಂದಿವ್ನಿ” ಅಂದರು.

ಎದೆ ಧಸಕ್ಕೆಂದಿತು. ಈಗಷ್ಟೇ ಮೂರು ವಾರ ಆಗಿತ್ತು. ಬೇಡ ಅಂತ ಒಂದೇ ಮಾತು ಹೇಳಿ ಕಳಿಸಬಹುದಿತ್ತು. ಹೇಳಿದ್ದರೆ ಪಿಜಿಗೆ ಹೋಗಿ ಹಚ್ಚುತ್ತಿದ್ದರು, ಅದು ಖಂಡಿತ. ಅದಕ್ಕೆ, ಮೊಮ್ಮಗಳನ್ನು ಕೇಳಿದ ಹಾಗೆಯೇ ಅಜ್ಜಿಯನ್ನೂ ಕೇಳಿದೆ: ನೀವು ಹೇಗೆ ಹಚ್ಚುತ್ತೀರಿ, ನನ್ನ ಕೈಮೇಲೆ ತೋರಿಸಿ.

ಅಜ್ಜಿ ಮಣ್ಣು ತೆಗೆಯುವುದರಿಂದಲೇ ಶುರು ಮಾಡಿದರು. ಕೆರೆ ಬತ್ತಿದ ಮೇಲೆ ಹೋಗಬೇಕು. ಎಮ್ಮೆ ಮಲಗುವ ಕಡೆ ಬೇಡ, ಬಟ್ಟೆ ಒಗೆಯುವ ಕಡೆ ಬೇಡ. ಮೇಲಿನ ಮಣ್ಣು ಸರಿಸಿ ಮೊಣಕಾಲುದ್ದ ಅಗೆದು ಕೆಳಗಿನದು ತರಬೇಕು. ನಾಲ್ಕು ದಿನ ಬಿಸಿಲು ಕಾಣಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಜರಡಿ ಹಿಡಿಯಬೇಕು. ರಾತ್ರಿ ಮಡಕೆಯಲ್ಲಿ ನೆನೆಹಾಕಬೇಕು. ನಮಗೆ ಕಾಲೇಜಿನಲ್ಲಿ ಕಲಿಸಿದ್ದೂ ಹೆಚ್ಚುಕಮ್ಮಿ ಇದೇ: ಮೂರು ಅಡಿ ಕೆಳಗಿನ ಮಣ್ಣು, ಬಿಸಿಲು, ಜರಡಿ, ನೆನೆಸುವುದು.

ಆಮೇಲೆ ನನ್ನ ಕೈ ಹಿಡಿದುಕೊಂಡರು. ಮಣ್ಣನ್ನು ದೋಸೆ ಹಿಟ್ಟಿಗಿಂತ ತೆಳುವಾಗಿ ಕಲೆಸಿದ್ದರು. ಮೂರು ಬೆರಳಲ್ಲಿ ಒಂದೇ ಸಲ ಎಳೆದರು, ಬಾಗಿಲಿಗೆ ಸುಣ್ಣ ಎಳೆದ ಹಾಗೆ. ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಮಾತಾಡುತ್ತಲೇ ಆಗಾಗ ಬಟ್ಟೆ ಎತ್ತಿ ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದರು. ಐದಾರು ನಿಮಿಷ ಆಗಿರಬೇಕು. ಬೆರಳಿಗೆ ಮಣ್ಣು ಇನ್ನೂ ಅಂಟುತ್ತಿತ್ತು. “ಆಯ್ತು, ತೊಳ್ಕಳಿ” ಅಂದರು. ಅರ್ಧ ಲೋಟ ನೀರಿಗೆ ಜಾರಿ ಹೋಯಿತು. ಕೈ ಒರೆಸಿ ಒಂದು ಹನಿ ಹರಳೆಣ್ಣೆ ಸವರಿದರು.

ಒಣಗೋಕೆ ಬಿಡೋದಿಲ್ವಾ ಅಂತ ಕೇಳಿದೆ. ಅಜ್ಜಿ ನನ್ನನ್ನೇ ನೋಡಿದರು. “ಗ್ವಾಡೆಗೆ ಬಳಿದಿದ್ದು ಒಣಗಬೇಕು ಕಣವ್ವ. ಮೈಗೆ ಬಳಿದಿದ್ದು ಯಾಕೆ ಒಣಗ್‌ಬೇಕು?”

ಮೊಮ್ಮಗಳು ಬಾಯಿಬಿಟ್ಟು ಕೇಳುತ್ತಿದ್ದಳು. ಅಜ್ಜಿ ಮಣ್ಣು ಹಚ್ಚುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಎಷ್ಟು ಹೊತ್ತು ಅಂತ ಎಂದೂ ಗಮನಿಸಿರಲಿಲ್ಲ. ಮನೆಯಿಂದ ಮಣ್ಣಿನ ನೆನಪು ಮಾತ್ರ ಅವಳ ಜತೆ ಬಂದಿತ್ತು, ಅದರ ಕಟ್ಟುಪಾಡು ಹಿಂದೆಯೇ ಉಳಿದಿತ್ತು. ನನ್ನ ಚೀಟಿಯಲ್ಲೂ ಅದೇ ಆಗಿತ್ತಲ್ಲ. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಜರ್ಮನಿಯ ಪ್ರಕೃತಿ ಚಿಕಿತ್ಸಕ ಅಡಾಲ್ಫ್ ಜಸ್ಟ್ ಬರೆದದ್ದನ್ನು ಓದಿ ಮಣ್ಣಿನ ಚಿಕಿತ್ಸೆಗೆ ಮನಸೋತರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅವರು ತಣ್ಣೀರಲ್ಲಿ ಕಲೆಸಿದ ಶುದ್ಧ ಮಣ್ಣನ್ನು ಬಟ್ಟೆಯ ಮೇಲೆ ಹರಡಿ ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು. ನೀರು, ಬಟ್ಟೆ ಎರಡೂ ಅಲ್ಲಿದ್ದವು.

ಅಜ್ಜಿ ಹೇಳಿದ್ದೆಲ್ಲವನ್ನೂ ನಾನು ಒಪ್ಪಲಿಲ್ಲ. ಅವರ ಕಾಲದಲ್ಲಿ ಹುಟ್ಟಿದ ಮಗುವಿನ ಹೊಕ್ಕುಳಿಗೆ ಬೂದಿ, ಮಣ್ಣು ಹಾಕುತ್ತಿದ್ದರಂತೆ. “ಕೆಲವು ಉಳೀತಿರಲಿಲ್ಲ” ಅಂದರು, ಮೆಲ್ಲಗೆ. ಅಂಥ ಅಭ್ಯಾಸಗಳಿಂದ ಬರುತ್ತಿದ್ದ ನವಜಾತ ಶಿಶುವಿನ ಧನುರ್ವಾಯು ನಮ್ಮ ದೇಶದಲ್ಲಿ ಹತೋಟಿಗೆ ಬಂತು ಅಂತ ಘೋಷಣೆಯಾದದ್ದು 2015ರಲ್ಲಿ. ಅಜ್ಜಿಯ ಮಾತಿನಲ್ಲಿ ಉಳಿಸಿಕೊಳ್ಳಬೇಕಾದ್ದೂ ಇದೆ, ಬಿಡಬೇಕಾದ್ದೂ ಇದೆ. ಅವರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆರು ವಾರ ಮುಗಿಯುವವರೆಗೆ ಮುಖಕ್ಕೆ ಮಣ್ಣು ಇಲ್ಲ. ಅದರ ಬದಲು ಹೊಟ್ಟೆಗೆ, ಬಟ್ಟೆಯಲ್ಲಿ ಸುತ್ತಿದ ಒದ್ದೆ ಮಣ್ಣಿನ ಪಟ್ಟಿ, 20 ನಿಮಿಷ, ನನ್ನ ಕ್ಲಿನಿಕ್‌ನಲ್ಲೇ. ಆ ಸೆಕೆಯಲ್ಲಿ ಅದು ಅವಳಿಗೆ ಹಿತವಾಯಿತು. ಪಟ್ಟಿ ಹಾಕಿದ ದಿನ ಹಗಲು ನಿದ್ದೆ ಚೆನ್ನಾಗಿ ಬರುತ್ತೆ ಅಂದಳು. ಮೊಡವೆಗೂ ಅದಕ್ಕೂ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಅಜ್ಜಿಯ ಬಾಟಲಿಗೆ ಒಂದು ಮರ್ಯಾದೆ ಸಿಕ್ಕಿತು, ಹುಡುಗಿಯ ಮುಖ ಉಳಿಯಿತು.

ಆಮೇಲೆ ಆದದ್ದು

ಮೇ ಹೊತ್ತಿಗೆ ಉರಿ ಪೂರ್ತಿ ನಿಂತಿತ್ತು. ಮೊಡವೆಗೆ ಚರ್ಮದ ವೈದ್ಯರು ಒಂದು ಜೆಲ್ ಶುರು ಮಾಡಿದರು. ಮಣ್ಣು ಮೇಲಿನ ಜಿಡ್ಡು ತೆಗೆಯಬಲ್ಲದು, ಮೊಡವೆ ಹುಟ್ಟುವ ಜಾಗ ಅದಕ್ಕಿಂತ ಕೆಳಗಿದೆ ಅಂತ ಅವಳಿಗೆ ಬಿಡಿಸಿ ಹೇಳಿದೆ. ಜೂನ್‌ನಲ್ಲಿ, ದವಡೆಯ ಕೆಳಗೆ ಒಂದು ರೂಪಾಯಿ ಅಗಲದ ಜಾಗದಲ್ಲಿ ಹಚ್ಚಿ ಎರಡು ದಿನ ಕಾದು ನೋಡಿದ ಮೇಲೆ, ಹಣೆ ಮತ್ತು ಮೂಗಿಗೆ ಮಾತ್ರ ಹತ್ತು ದಿನಕ್ಕೊಮ್ಮೆ ಮಣ್ಣು. ಬರೀ ನೀರಿನಲ್ಲಿ ಕಲೆಸಿದ್ದು. ಬೆರಳಿಗೆ ಅಂಟುತ್ತಿರುವಾಗಲೇ ತೊಳೆಯುವುದು. ಜೆಲ್ ಹಚ್ಚುವ ರಾತ್ರಿ ಮಣ್ಣಿಲ್ಲ. ಆಗಸ್ಟ್ ಹೊತ್ತಿಗೆ ಮೊಡವೆ ಬಹಳ ಕಮ್ಮಿಯಾಯಿತು. ಅದರ ಶ್ರೇಯ ಹೆಚ್ಚಾಗಿ ಜೆಲ್‌ಗೇ ಸಲ್ಲಬೇಕು. ಕೆನ್ನೆಯ ಕಂದು ಪಟ್ಟೆ ಮಾತ್ರ ದೀಪಾವಳಿವರೆಗೂ ಕಾಣುತ್ತಿತ್ತು.

ನಡುವೆ ಗಣೇಶನ ಹಬ್ಬದ ಸಮಯದಲ್ಲಿ ಒಂದು ಘಟನೆ. ಅಜ್ಜಿಯ ಬಾಟಲಿ ತಳ ಕಂಡಿತ್ತು. ಅವಳು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ, ಮೂರ್ತಿ ಮಾಡುವ ಹದವಾದ ಮಣ್ಣು ನೋಡಿ ಎರಡು ಕೆ.ಜಿ. ಕೊಡಿ ಅಂದಳಂತೆ. ಮುಖಕ್ಕೆ ಅಂತ ತಿಳಿದ ಕೂಡಲೇ ಕುಂಬಾರರು ಕೊಡಲಿಲ್ಲ. ತಮ್ಮ ಅಂಗೈ ಬಿಚ್ಚಿ ತೋರಿಸಿದರಂತೆ. ಬೆರಳ ಗೆಣ್ಣುಗಳಲ್ಲೆಲ್ಲ ಸೀಳು. “ದಿನಾ ಮಣ್ಣಲ್ಲಿರೋ ಕೈ ಇದು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚದಿದ್ರೆ ಮಡಿಸೋಕಾಗಲ್ಲ. ಈ ಮಣ್ಣು ಯಾವ ಕೆರೆದೋ, ಮುಖಕ್ಕೆ ಬೇಡಮ್ಮ.” ಅವರ ಮಾತು ನೂರಕ್ಕೆ ನೂರು ಸರಿ. ಬೆಂಗಳೂರಿನ ಎಷ್ಟೋ ಕೆರೆಗಳಿಗೆ ದಶಕಗಳಿಂದ ಚರಂಡಿ ನೀರು, ಕಾರ್ಖಾನೆ ನೀರು ಹರಿದಿದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಹೊತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ನೀರಿನಲ್ಲಿ ಬಂದ ಸೀಸ, ಕ್ರೋಮಿಯಂನಂಥ ಲೋಹಗಳು ಹೋಗಿ ಕೂರುವುದು ಹೂಳಿನಲ್ಲೇ. ಜಿಡ್ಡು ಹಿಡಿಯುವ ಮಣ್ಣೇ ಲೋಹವನ್ನೂ ಹಿಡಿಯುತ್ತದೆ. ಬಿಸಿಲಿಗಿಟ್ಟರೆ, ಜರಡಿ ಹಿಡಿದರೆ ಅದು ಹೋಗುವುದಿಲ್ಲ.

ನನ್ನ ಕ್ಲಿನಿಕ್‌ನಲ್ಲಿ ಈಗ ಮಣ್ಣಿನ ಚೀಟಿ ಬರೆಯುವ ಮುಂಚೆ ಒಂದು ತಟ್ಟೆ ಹೊರಗೆ ಬರುತ್ತದೆ. ಬಂದವರೇ ಕಲೆಸಿ, ತಮ್ಮ ಮುಂಗೈಗೆ ಹಚ್ಚಿ, ಸರಿಯಾದ ಹೊತ್ತಿಗೆ ತೊಳೆದು ತೋರಿಸಬೇಕು. ಮನೆಯಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಅಂತಲೂ ಕೇಳುತ್ತೇನೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಹೊರಗೆ ಕಾಯುವವರು ಈಗಲೂ ಗೊಣಗುತ್ತಾರೆ.

ನವೆಂಬರ್‌ನಲ್ಲಿ ಹುಡುಗಿ ಕೊನೆಯ ಸಲ ಬಂದಾಗ ಖಾಲಿ ಹಾರ್ಲಿಕ್ಸ್ ಬಾಟಲಿ ತಂದಿದ್ದಳು. ನನ್ನೆದುರೇ ಅಜ್ಜಿಗೆ ಫೋನ್ ಮಾಡಿ, ಬೇಸಿಗೆಯಲ್ಲಿ ಮತ್ತೆ ಮಣ್ಣು ತೆಗೆದಿಡು ಅಂದಳು. ಸ್ಪೀಕರ್‌ನಲ್ಲಿ ಅಜ್ಜಿಯ ದನಿ ಕೇಳಿಸಿತು. “ಬ್ಯಾಡ ಮಗ. ಕೆರೆ ಮ್ಯಾಗಳ ಹೊಲದಾಗೆ ಈ ಸಲ ಶುಂಠಿ ಹಾಕವ್ರೆ. ವಾರಕ್ಕೊಂದ್ ಕಿತ ಔಷ್ದಿ ಹೊಡೀತಾವ್ರೆ. ಮಳೆ ಬಂದ್ರೆ ಎಲ್ಲಾ ಕೆರೆಗೇ ಇಳಿಯೋದು. ಆ ಮಣ್ಣ ನಾನೇ ಮುಟ್ಟಾಕಿಲ್ಲ.”

ಹುಡುಗಿ ಬಾಟಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ನಿಮಗೆ ಯಾವುದಕ್ಕಾದರೂ ಬೇಕಾಗುತ್ತೆ ಇಟ್ಕೊಳ್ಳಿ ಮೇಡಂ ಅಂದಳು.